ಗಂಟೆ ಇಲ್ಲದ ಕಾದಂಬರಿ

ಅಯ್ಯೋ, ಸಹಿ ಆಮೇಲೆ! ಪೆನ್ನು ಕೆಳಗಿಡಿ ಮೇಡಂ. ನಿಮ್ಮ ಕಾದಂಬರಿ ಸಪ್ಪೆ ಅಂತ ಹೇಳೋಕೇ ಇಷ್ಟು ಹೊತ್ತು ಈ ಸಾಲಲ್ಲಿ ನಿಂತಿದ್ದೀನಿ... ಯಾಕೆ ನಗ್ತೀರಿ? ತಮಾಷೆ ಮಾಡ್ತಿಲ್ಲ!

ಏನ್ರೀ ಹಿಂದಿನವರು, ತಳ್ಳಬೇಡಿ. ನಾನೂ ದುಡ್ಡು ಕೊಟ್ಟೇ ತಗೊಂಡಿದ್ದೀನಿ.

ಅಂಗಡಿ ತುಂಬಾ ಇದೇ ಪುಸ್ತಕ. ಪ್ರಕಾಶಕರ ಮಾನ ಹರಾಜು ಹಾಕಿದ್ದಾರೆ, ಒಬ್ಬರನ್ನೂ ಬಿಟ್ಟಿಲ್ಲ ಅಂತ ಜನ ಕುಣೀತಾರೆ. ಏನು ಹರಾಜು, ಮಣ್ಣು! ಓದದೇ ಮುನ್ನುಡಿ ಬರೆಯೋನು, ಮುಖಪುಟ ಮೊದಲು ಮಾಡಿಸಿ ಆಮೇಲೆ ಕಥೆ ಹುಡುಕೋ ಯಜಮಾನ... ಇವೆಲ್ಲ ಯಾರಿಗೆ ಗೊತ್ತಿಲ್ಲ? ಭಾನುವಾರದ ಪೇಪರಿಗೆ ವಿಮರ್ಶೆ ಕೊಟ್ಟಾಗಿದೆ. ಬೆವರಿಳಿಸಿದ್ದೀನಿ ನಿಮಗೆ!

ಮತ್ತೆ ನಗು! ಅಲ್ಲಾ, ಪ್ರಕಾಶನದ ಕಥೆ ಅಂದಮೇಲೆ ಸಂಪಾದಕ ಬೇಡ್ವಾ? ಬರೆದು ತಂದವರನ್ನ ಮೇಜಿನ ಮುಂದೆ ನಿಲ್ಲಿಸಿ, ಜೋರಾಗಿ ಓದಿಸಿ, ಬೇಜಾರಾದ ತಕ್ಷಣ ಟಣ್ ಅಂತ ಗಂಟೆ ಹೊಡೆಯೋನು... ಗಂಟೆ ಬಿದ್ದರೆ ಮುಗೀತು, ಕಾಗದ ಮಡಚ್ಕೊಂಡು ಮನೆಗೆ! ಅಂಥವನೊಬ್ಬ ಇದ್ದ ಅಂತ ನಮ್ಮ ಕಸುಬಲ್ಲಿ ಎಲ್ಲರಿಗೂ ಗೊತ್ತು. ಅವನ ರೂಮಿನ ಬಾಗಿಲು ಕಂಡರೇ ನಡುಗ್ತಿದ್ರು. ಎಲ್ಲಿ ಅವನು? ಮೊದಲಿಂದ ಕೊನೇವರೆಗೆ ಎರಡೆರಡು ಸಲ ಹುಡುಕಿದೆ. ಆಫೀಸಿನ ಜವಾನನಿಗೂ ಒಂದು ಅಧ್ಯಾಯ ಕೊಟ್ಟಿದ್ದೀರಿ, ಆ ಸಂಪಾದಕನಿಗೆ ಅರ್ಧ ಸಾಲಿಲ್ಲ!

ಎರಡನೇ ವಾಕ್ಯಕ್ಕೇ ಗಂಟೆ ಬಿತ್ತಲ್ಲ ನಿನಗೆ! ನೀನು ಅಳು ನುಂಗ್ಕೊಂಡು ಹೊರಟೆ, ಬಾಗಿಲಲ್ಲಿ ತಿರುಗಿ ನನ್ನ ನೋಡಿದೆ. ಆವತ್ತೇ ನಾನು ಅಂದ್ಕೊಂಡೆ, ಇವಳು ಬಿಡಲ್ಲ, ಒಂದಿನ ಉಗಿದು ಬರೀತಾಳೆ ನನ್ನ... 'ನಿನಗೆ' ಅಂದುಬಿಟ್ಟೆನಾ? ಹಳೇ ಅಭ್ಯಾಸ, ಕ್ಷಮಿಸಿ.

ಯಾಕೆ ಹಾಗೆ ನೋಡ್ತೀರಿ? ಬೈಯಿರಿ, ಪರವಾಗಿಲ್ಲ. ಇಷ್ಟು ಜನರ ಮುಂದೇನೇ ಬೈಯಿರಿ!

ತಡೀರಿ, ಚೀಲದಲ್ಲೇ ಇದೆ. ನಿವೃತ್ತಿ ಆದ ದಿನ ಮನೆಗೆ ತಂದಿದ್ದೆ... ಇಗೋ ನೋಡಿ, ಅದೇ ಗಂಟೆ. ಟಣ್!

ಈಗ ನೆನಪಾಯ್ತಾ?

ಇನ್ನೊಂದ್ಸಲ... ಟಣ್!

...ಇಲ್ವಾ?

ಮತ್ತೆ ಯಾಕೆ ಪೆನ್ನು ಎತ್ತಿದ್ರಿ? ಪುಸ್ತಕದ ಮೊದಲ ಖಾಲಿ ಹಾಳೆ ತೆಗೆದು ನನ್ನ ಮುಖ ನೋಡಿದ್ರೆ... ಓ. ಸಹಿ ಹಾಕೋಕೆ ಹೆಸರು ಕೇಳ್ತಿದ್ದೀರಾ? ನನ್ನ ಹೆಸರು... ನಿಮಗೆ...

ಬೇಡ ಬಿಡಿ. 'ಓದುಗರಿಗೆ' ಅಂತಷ್ಟೇ ಬರೀರಿ, ಮೇಡಂ.