ನಗಾರಿ ಬರುವ ಜಾಗ

ಸಂಗೀತ ಸಭಾಂಗಣದಲ್ಲಿ ವಿರಾಮ ಕೊಟ್ಟಿದ್ದರು. ಕಾಫಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಒಬ್ಬ ತಮ್ಮ. ಇಬ್ಬರ ತಲೆಯೂ ನರೆತಿತ್ತು. ಮೊದಲು ಬಾಯಿಬಿಟ್ಟವರು ತಮ್ಮ.

“ಇನ್ನೇನು ಆ ಜಾಗ ಬರುತ್ತೆ, ಅಕ್ಕ. ನಗಾರಿಗಳೆಲ್ಲ ಒಟ್ಟಿಗೆ ಶುರುವಾಗೋದು.”

“ಜನ ಅಲ್ಲೇ ಕಣ್ಣೀರು ಹಾಕ್ತಾರಂತೆ. ಖುಷಿಗೆ.”

“ಅಪ್ಪ ರೆಕಾರ್ಡ್ ಜೋರು ಮಾಡಿ, ಬೆಲ್ಟ್ ಬಿಚ್ಚಿಕೊಂಡು ಕಾಯ್ತಿದ್ದಿದ್ದೂ ಅಲ್ಲಿಗೇ.”

“ನೀನೆಷ್ಟು ಕಿರುಚಿಕೊಂಡ್ರೂ ಪಕ್ಕದ ಮನೆಯಾಕೆಗೆ ಕೇಳ್ತಿರಲಿಲ್ಲ. ‘ನಿಮ್ಮನೇಲಿ ಎಂಥಾ ಸಂಗೀತ’ ಅಂತ ಆಕೆ ಹೊಗಳೋಳು.”

“ನಿಂಗೆ ಇಷ್ಟವಾದ ಜಾಗ ಯಾವುದು?”

“ಆಮೇಲೆ ಒಂದೇ ಪಿಟೀಲು ಸಣ್ಣಗೆ ನುಡಿಯುತ್ತಲ್ಲ, ಅದು.”

“ನಂಗೂ ಅದೇ. ಅಲ್ಲಿ ಹೊಡೆಯೋ ಹಾಗಿರಲಿಲ್ಲ. ಏಟಿನ ಸದ್ದು ಆಚೆಗೆ ಕೇಳೋದು.”

“ನಾನು ನಿನ್ನ ಬಾಯಿಗೆ ದಿಂಬು ಒತ್ತಿ ಹಿಡೀತಿದ್ದೆ. ಅತ್ತಿದ್ದು ಕೇಳಿಸಿದ್ರೆ ಮುಂದಿನ ನಗಾರಿಗೆ ಇನ್ನೂ ಜೋರಾಗಿ ಬೀಳೋದಲ್ಲ.”

“ಹಾಗೆ ಬಿದ್ದ ಏಟಿಗೇ ಒಂದಿನ ನನ್ನ ಹಲ್ಲು ಉದುರಿದ್ದು. ಯಾಕಾದ್ರೂ ಅಪ್ಪನ್ನ ಇಲ್ಲಿಗೆ ಕರ್ಕೊಂಡು ಬಂದ್ವೋ!”

“ಸಾಯೋಕ್ಕೆ ಮುಂಚೆ ಒಂದ್ಸಲ ಇದನ್ನ ಕೇಳ್ಬೇಕು ಅಂತ ಅವನು ಗೋಗರೆದ. ಟಿಕೆಟ್ ತಂದಿದ್ದು ನೀನೇ.”

ಗಂಟೆ ಬಾರಿಸಿತು. ಸಾಲು ಚದುರಿತು.

“ಅಕ್ಕ, ನಗಾರಿ ಬಂದಾಗ ಅಪ್ಪನ ಬಲಗೈ ಗಟ್ಟಿಯಾಗಿ ಹಿಡ್ಕೋ.”

“ಲಕ್ವ ಹೊಡೆದ ಕೈ ಕಣೋ ಅದು. ಮೇಲೇಳಲ್ಲ.”

“ಗೊತ್ತು. ಆದ್ರೂ ಹಿಡ್ಕೋ.”

ಅಕ್ಕ ಆಗಷ್ಟೇ ಕೈಗೆ ಬಂದ ಕಾಫಿ ಲೋಟವನ್ನು ಅಲ್ಲೇ ಇಟ್ಟು, ತೋಳೇರಿಸಿಕೊಂಡು ಒಳಗೆ ಹೋದರು.