ಕುರುಗೋಡೆಂಬ ಜಪಾನು

ಈ ಬೀಳ್ಕೊಡುಗೆ ಸಮಾರಂಭದ ಅಧ್ಯಕ್ಷರೂ ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರೂ ಆದ ಸನ್ಮಾನ್ಯ ಕಾಡಸಿದ್ದಪ್ಪನವರೇ, ಬೆಳಗಿನಿಂದ ದಾರಿಯಲ್ಲೇ ಇರುವ ಮುಖ್ಯ ಅತಿಥಿಗಳೇ, ಅವರು ಬರುವವರೆಗೆ ಅವರ ಕುರ್ಚಿಯನ್ನು ಕಾಯುತ್ತಿರುವ ಉಪಾಧ್ಯಕ್ಷ ವಿರೂಪಾಕ್ಷಿಯವರೇ, ನನ್ನ ಸಹೋದ್ಯೋಗಿ ಮಿತ್ರರೇ, ನಾಳೆ ಜಪಾನಿಗೆ ಹೊರಟಿರುವ ಮಕ್ಕಳೇ, ಅವರನ್ನು ಕಳಿಸುವ ಧೈರ್ಯ ಮಾಡಿದ ತಂದೆ-ತಾಯಿಯರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಹಾಗೂ ಸಿಗದ ಸಮಸ್ತ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಿರೂಪಣೆ ಮಾಡುತ್ತಿರುವ ಸಾಜಿಯಾ ಟೀಚರು ಮೈಕು ಕೊಡುವಾಗ ಕಿವಿಯಲ್ಲಿ, "ಭೀಮರಾಜ ಸರ್, ಐದೇ ನಿಮಿಷರಿ, ಊಟ ಆರತೈತಿ" ಎಂದರು. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ನಮಗೆ ಹಾಜರಿ ಕರೆಯುವುದಕ್ಕೇ ಐದು ನಿಮಿಷ ಬೇಕು. ಆದರೂ ಪ್ರಯತ್ನ ಮಾಡುತ್ತೇನೆ.

ಮೊದಲನೆಯ ಪ್ರಶ್ನೆ, ಎಲ್ಲರೂ ಕೇಳಿದ ಪ್ರಶ್ನೆ: ಜಪಾನೇ ಯಾಕೆ? ದುಬೈ ಇತ್ತು, ಸಿಂಗಾಪುರ ಇತ್ತು. ವಿರೂಪಾಕ್ಷಿಯವರ ಭಾವಮೈದುನನ ಟ್ರಾವೆಲ್ಸ್ ಕೂಡ ಇತ್ತು. ಅದಕ್ಕೆ ನಾನು ಆಡಳಿತ ಮಂಡಳಿಗೆ ಒಪ್ಪಿಸಿದ ಕಾರಣಗಳು ನಿಮಗೆ ಗೊತ್ತಿವೆ. ಶಿಸ್ತು, ಸಮಯಪಾಲನೆ, ಸ್ವಚ್ಛತೆ, ಬುದ್ಧ. ಇವೆಲ್ಲ ಒಳ್ಳೆಯ ಕಾರಣಗಳು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತವೆ.

ನಿಜವಾಗಿ ನಡೆದದ್ದು ಬೇರೆ. ಹೋದ ಚಳಿಗಾಲದಲ್ಲಿ ಯೋಶಿದಾ ಎಂಬ ಜಪಾನಿನ ಒಬ್ಬ ಶಿಕ್ಷಕಿ ಹಂಪಿ ನೋಡಲು ಬಂದವರು ನಮ್ಮ ಶಾಲೆಗೂ ಬಂದಿದ್ದರು. ಅವರ ಶಾಲೆ ಇರುವುದು ನಮ್ಮ ಅಧ್ಯಕ್ಷರಿಗೆ ಇವತ್ತಿಗೂ ಹೆಸರು ಹೇಳಲು ನಾಲಿಗೆ ಹೊರಳದ ಒಂದು ಊರಿನಲ್ಲಿ. ಶಾಲೆ ತೋರಿಸಿದೆವು, ಕೋಟೆ ತೋರಿಸಿದೆವು, ಶಾಲು ಹೊದಿಸಿದೆವು, ಹಾರ ಹಾಕಿದೆವು. ಸಂಜೆ ಅವರು, "ನಿಮ್ಮ ಮನೆ ನೋಡಬಹುದೇ?" ಎಂದು ನನ್ನನ್ನು ಕೇಳಿದರು. ಇಲ್ಲೇ ಗಾಂಧಿನಗರದ ಹಿಂದಿನ ರಸ್ತೆಯಲ್ಲಿದೆ ನನ್ನ ಮನೆ. ಕರೆದುಕೊಂಡು ಹೋದೆ. ನನ್ನ ಹೆಂಡತಿ ಸುಮಂಗಲಾ ಚಹಾ ಮಾಡಿದಳು. ಆಕೆ ಕುಡಿದರು. ಕುಡಿದು, ಕಪ್ಪನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ಇನ್ನೊಂದು ಸಿಗುತ್ತದೆಯೇ ಎಂದು ಕೇಳಿದರು.

ಅಷ್ಟೇ. ನಾನು ಅವತ್ತೇ ನಿರ್ಧಾರ ಮಾಡಿದೆ, ಮಕ್ಕಳನ್ನು ಕಳಿಸಿದರೆ ಆಕೆಯ ಊರಿಗೇ ಕಳಿಸಬೇಕು ಅಂತ.

ನಗುತ್ತಿದ್ದೀರಿ. ಒಂದು ಕಪ್ಪು ಚಹಾಕ್ಕೆ ಜಪಾನೇ ಎಂದು ನಗುತ್ತಿದ್ದೀರಿ. ನಗಿ. ಆದರೆ ನನ್ನ ಮನೆಯ ಚಹಾದ ಬಗ್ಗೆ ನಿಮಗೆ ಗೊತ್ತಿಲ್ಲ. ಗೊತ್ತಿರಲು ಸಾಧ್ಯವೂ ಇಲ್ಲ. ನಾನು ಈ ಶಾಲೆಗೆ ಸೇರಿದ ಹೊಸತರಲ್ಲಿ ಸುಮಂಗಲಾ ಬೆಂಗಳೂರು ರಸ್ತೆಯ ಅಂಗಡಿಯಿಂದ ಒಂದು ಸೆಟ್ ಪಿಂಗಾಣಿ ಕಪ್ಪು-ಬಸಿ ತಂದಳು. ಅಂಚಿನಲ್ಲಿ ನೀಲಿ ಹೂವು. ಮೇಷ್ಟ್ರ ಮನೆ, ಜನ ಬರುತ್ತಾರೆ ಅಂತ. ಜನ ಬಂದರು, ಬರಲಿಲ್ಲ ಎನ್ನಲಾರೆ. ಮಗಳ ನಾಮಕರಣಕ್ಕೆ ಬಂದರು, ನನಗೆ ಕಾಲು ಮುರಿದಾಗ ಬಂದರು, ಜನಗಣತಿಗೆ ಬಂದರು. ಆದರೆ ಒಂದು ವಿಚಿತ್ರ ನೋಡಿ, ನನ್ನ ಮನೆಗೆ ಬಂದವರೆಲ್ಲರೂ ಆಗಷ್ಟೇ ಚಹಾ ಕುಡಿದು ಬಂದವರೇ. "ಈಗ ಕುಡದು ಬಂದ್ವಿ ಸರ್, ಹೊಟ್ಟಿ ತುಂಬೈತಿ." ಇಷ್ಟೊಂದು ಚಹಾ ಕುಡಿಯುವ ಬಡಾವಣೆ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಯೋಶಿದಾ ಮೇಡಂ ಬಂದ ದಿನ ಶೋಕೇಸಿನ ಬಾಗಿಲು ಕಚ್ಚಿಕೊಂಡಿತ್ತು. ಚಾಕು ಹಾಕಿ ತೆಗೆದೆ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಸಾಜಿಯಾ ಟೀಚರು ಗಡಿಯಾರ ತೋರಿಸುತ್ತಿದ್ದಾರೆ. ವಿಷಯಕ್ಕೆ ಬರುತ್ತೇನೆ.

ಮೊದಲ ಪೋಷಕರ ಸಭೆ ಇದೇ ಸಭಾಂಗಣದಲ್ಲಿ ನಡೆಯಿತು. ನಾನು ಹೇಳಿದೆ: ಮಕ್ಕಳು ಅಲ್ಲಿ ಹೋಟೆಲಿನಲ್ಲಿ ಇರುವುದಿಲ್ಲ. ಒಬ್ಬೊಬ್ಬರು ಒಂದೊಂದು ಮನೆಯಲ್ಲಿ, ಆ ಮನೆಯ ಮಕ್ಕಳ ಹಾಗೆ ಇರುತ್ತಾರೆ. ಅವರು ಹಾಸಿದಲ್ಲಿ ಮಲಗಬೇಕು, ಬಡಿಸಿದ್ದನ್ನು ಉಣ್ಣಬೇಕು. ಸ್ನಾನಕ್ಕೆ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಕೂರುವ ಒಂದೇ ತೊಟ್ಟಿಯ ಬಿಸಿನೀರಿಗೆ ಇಳಿಯಬೇಕು. ಹೇಳುವಾಗ ನನಗೆ ಒಳಗೊಳಗೇ ಹೆದರಿಕೆ. ಅರ್ಧ ಜನ ಇಲ್ಲೇ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ.

ಆಗ ಎದ್ದು ನಿಂತವರು ನಮ್ಮ ಅಧ್ಯಕ್ಷರ ಮನೆಯವರಾದ ಚನ್ನವೀರಮ್ಮನವರು. "ಸರ್, ಅಲ್ಲಿ ಮಂದಿ ಮೀನಾ ಹಸೇದೇ ತಿಂತಾರಂತಲ್ರಿ?" ಹೌದಮ್ಮ ಅಂದೆ. "ಹಂಗಾರ ನಮ್ಮ ಜ್ಯೋತಿಗೆ ಬರೇ ಅನ್ನ ಹಾಕಾಕ ಹೇಳ್ರಿ. ಪಾತ್ರಿ ಅದೇ ಇದ್ರೂ ನಡೀತೈತಿ. ಪರದೇಶ ಅಲ್ರೀ, ಹೊಂದ್ಕೋಬೇಕು." ಇಡೀ ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಎಂಥ ವಿಶಾಲ ಹೃದಯ! ಮಡಿ-ಮೈಲಿಗೆಯೆಲ್ಲ ವೀಸಾ ಸಿಗುವ ಮೊದಲೇ ವಿಮಾನ ಹತ್ತಿ ಹೋಗಿಬಿಟ್ಟಿತಲ್ಲ ಎಂದು ಆ ದಿನ ಸಂತೋಷದಿಂದ ಮನೆಗೆ ಹೋದೆ.

ಆ ಸಂತೋಷದಲ್ಲೇ ನನಗೆ ಒಂದು ಯೋಚನೆ ಹೊಳೆಯಿತು. ನಾಟಕಕ್ಕೆ ತಾಲೀಮು ಇರುತ್ತದೆ, ಪರೇಡಿಗೆ ತಾಲೀಮು ಇರುತ್ತದೆ, ಜಪಾನಿಗೆ ಯಾಕೆ ಇರಬಾರದು? ನಮ್ಮ ಮಕ್ಕಳು ಬಳ್ಳಾರಿಯವರು ಇದ್ದಾರೆ, ಸಿರುಗುಪ್ಪ ಕಡೆಯವರು ಇದ್ದಾರೆ, ಕುರುಗೋಡಿನವರು ಇದ್ದಾರೆ. ವಾರದ ಕೊನೆಯಲ್ಲಿ ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ ಉಳಿಯಬೇಕು. ಚೀಟಿ ಎತ್ತಬೇಕು, ಯಾರ ಮನೆ ಬಂದರೆ ಅದೇ ಜಪಾನು. ಮುಂದಿನ ವರ್ಷ ಆ ಊರಿನ ಮಕ್ಕಳು ನಮ್ಮ ಮನೆಗಳಿಗೆ ಬರುವವರು. ಹಾಗಾಗಿ ಯಾರ ಮನೆಯಲ್ಲಿ ತಾಲೀಮಿನ ಅತಿಥಿ ಉಳಿದಿಲ್ಲವೋ ಆ ಮಗು ಹೊರಡುವಂತಿಲ್ಲ. ಈ ನಿಯಮ ಮಾಡಿದವನು ನಾನೇ. ಯಾರ ಮೇಲೂ ತಪ್ಪು ಹಾಕುವಂತಿಲ್ಲ.

ತಾಲೀಮು ಬಹಳ ಚೆನ್ನಾಗಿ ನಡೆಯಿತು. ಸಿರುಗುಪ್ಪದ ಮುಬಶೀರ್ ಇಲ್ಲಿ ದಾಕ್ಷಾಯಣಮ್ಮನವರ ಮನೆಗೆ ಹೋಗಿ ಜಪಾನಿನ ಪದ್ಧತಿಯಂತೆ ಬಾಗಿಲಲ್ಲಿ ಬಗ್ಗಿ ನಿಂತ. ಒಳಗೆ ಬಾ ಎನ್ನುವವರೆಗೆ ಏಳಬಾರದು ಅಂದುಕೊಂಡಿದ್ದ. ಅವರು ಹುಡುಗನಿಗೆ ಸೊಂಟ ಹಿಡಿದಿದೆ ಎಂದು ಮುಲಾಮು ತಂದರು. ದಾಕ್ಷಾಯಣಮ್ಮನವರ ಮಗ ತನ್ನ ಚೀಟಿಗೆ ಬಂದ ಹಚ್ಚೊಳ್ಳಿಯ ಮನೆಗೆ ಟ್ರಾಕ್ಟರಿನಲ್ಲಿ ಹೋಗಿ, ಕಾಲುವೆಗೆ ಬಿದ್ದು, ಅದನ್ನೇ ಜಪಾನಿ ಸ್ನಾನ ಎಂದು ವರದಿ ಬರೆದ.

ಎಲ್ಲ ಮನೆಗಳಿಗೂ ಅತಿಥಿಗಳು ಹೋದರು. ಒಂದು ಮನೆ ಉಳಿಯಿತು. ಕುರುಗೋಡಿನ ನಂದಿನಿಯ ಮನೆ.

ನಂದಿನಿ, ಎದ್ದು ನಿಲ್ಲಮ್ಮ. ಸಾಕು, ಕೂತುಕೋ. ಇವಳ ತಾಯಿ ಹುಲುಗಮ್ಮ ಮೆಣಸಿನಕಾಯಿ ಹೊಲಕ್ಕೆ ಕೂಲಿಗೆ ಹೋಗುವವರು. ಚೀಟಿ ಬಿದ್ದ ದಿನ ಗೋಡೆಗೆ ಸುಣ್ಣ ಹೊಡೆದು, ಹೊಸ ಚಾಪೆ ತಂದು, ಎಣ್ಣೆಗಾಯಿ ಮಾಡಿ ಕೂತಿದ್ದರು. ಮೊದಲು ಚೀಟಿ ಎತ್ತಿದ ಹುಡುಗಿಗೆ ಧೂಳು ಆಗಿಬರುವುದಿಲ್ಲ ಎಂದು ಆಕೆಯ ತಂದೆಯ ಫೋನು. ಬಳ್ಳಾರಿಯಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ಬೆಳೆದ ಹುಡುಗಿಗೆ ಧೂಳು ಆಗಿಬರುವುದಿಲ್ಲ! ನಾನು ನಂಬಿದೆ. ಎರಡನೆಯ ವಾರ ಎತ್ತಿದವಳ ಅಜ್ಜಿಗೆ ಹುಷಾರಿರಲಿಲ್ಲ. ಆ ಅಜ್ಜಿಯನ್ನು ಅದೇ ಸಂಜೆ ನಾನು ಸಂತೆಯಲ್ಲಿ ಕಂಡೆ, ಕುಂಬಳಕಾಯಿ ಹೊತ್ತಿದ್ದರು. ಮೂರನೆಯವಳ ತಾಯಿ ಮಾತ್ರ ಸುಳ್ಳು ಹೇಳಲಿಲ್ಲ. ನೇರವಾಗಿ ಕೇಳಿದರು. "ಕುರುಗೋಡಿನಾಗ ಯಾವ ಓಣಿ ಸರ್?"

ಯಾವ ಓಣಿ! ಸಭಿಕರೇ, ಸಮುದ್ರದ ಆಚೆ, ಭಾಷೆ ಬಾರದ ಊರಿನಲ್ಲಿ, ಹೆಸರು ಗೊತ್ತಿಲ್ಲದ ಮನೆಯಲ್ಲಿ ಮಗಳನ್ನು ಬಿಡುತ್ತಿದ್ದೀರಿ. ಜಪಾನಿನಲ್ಲಿ ಯಾವ ಓಣಿ ಎಂದು ಒಬ್ಬರಾದರೂ ಕೇಳಿದಿರಾ? ಜಾತಿ ಎಂಬ ಶಬ್ದವನ್ನಂತೂ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಾವು ಸುಶಿಕ್ಷಿತರು. ಓಣಿ ಅಂತೀವಿ. ಊರಾಚೆಯ ಓಣಿ, ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆ. ಅದೇ ಬುದ್ಧನನ್ನು ನೋಡಲು ಜಪಾನಿಗೆ ಹೋಗುತ್ತಿದ್ದೇವೆ ಎಂದು ನಾನೇ ಮಂಡಳಿಗೆ ಬರೆದು ಕೊಟ್ಟಿದ್ದೆ.

ಪ್ರತಿ ಶನಿವಾರ ಹುಲುಗಮ್ಮನವರ ಫೋನು. "ಸರ್, ಜಪಾನ್‌ದಾಕಿ ಇವತ್ತು ಬರ್ತಾಳೇನ್ರಿ?" ಇವತ್ತು ಇಲ್ಲಮ್ಮ. "ಇರ್ಲಿ ಬಿಡ್ರಿ. ಎಣ್ಣಿಗಾಯಿ ನಾವೇ ಉಂಡ್ವಿ. ಚಲೋ ಆಗಿತ್ತು." ಹುಡುಗಿ ಯಾಕೆ ಬರಲಿಲ್ಲ ಎಂದು ಆಕೆ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಸುಳ್ಳು ಹೇಳಬಹುದಿತ್ತು. ಆಕೆ ಕೇಳದೆ ಇದ್ದುದರಿಂದ ನನಗೆ ಊಟ ಸೇರುತ್ತಿರಲಿಲ್ಲ. ಇತ್ತ ಮಂಡಳಿಯ ಸಭೆಯಲ್ಲಿ ವಿರೂಪಾಕ್ಷಿಯವರು ಬಹಳ ಮೃದುವಾಗಿ, "ಆ ಹುಡುಗೀನ ಮುಂದಿನ ವರ್ಷ ಕಳಿಸಿದ್ರಾತು ಬಿಡ್ರಿ. ನಿಯಮ ನೀವೇ ಮಾಡೀರಿ" ಎಂದರು. ನಿಯಮ ನಾನೇ ಮಾಡಿದ್ದೆ.

ಕೊನೆಯ ಚೀಟಿ ಎತ್ತಿದವಳು ಜ್ಯೋತಿ. ಅಧ್ಯಕ್ಷರ ಮೊಮ್ಮಗಳು.

ಅಧ್ಯಕ್ಷರು ನನ್ನನ್ನು ನೋಡುತ್ತಿದ್ದಾರೆ. ಯಾರಿಗೂ ಹೇಳಬ್ಯಾಡ್ರಿ ಮೇಷ್ಟ್ರೇ ಎಂದು ಅವರು ಅವತ್ತು ಹೇಳಿದ್ದು ನಿಜ. ನಾನು ಯಾರಿಗೂ ಹೇಳಿಲ್ಲ. ಮೈಕಿಗೆ ಹೇಳುತ್ತಿದ್ದೇನೆ. ಜ್ಯೋತಿಯನ್ನು ಕೇಳಿಯೇ ಹೇಳುತ್ತಿದ್ದೇನೆ. ಅವಳೇ, "ಹೇಳ್ರಿ ಸರ್, ತಾತ ಸಿಟ್ಟಾದ್ರ ನಾ ನೋಡ್ಕೋತೀನಿ" ಅಂದಿದ್ದಾಳೆ.

ಅಂದು ಅಧ್ಯಕ್ಷರು ಫೋನು ಮಾಡಿ, "ಮೇಷ್ಟ್ರೇ, ಚೀಟಿ ಇನ್ನೊಮ್ಮೆ ಎತ್ತಿಸ್ರಿ" ಎಂದರು. ಅಷ್ಟರಲ್ಲಿ ಹುಡುಗಿ ಬ್ಯಾಗು ಏರಿಸಿ ಕುರುಗೋಡಿನ ಬಸ್ಸು ಹತ್ತಿಬಿಟ್ಟಿದ್ದಳು. ಅಧ್ಯಕ್ಷರು ಕಾರು ತೆಗೆದರು, ದಾರಿಯಲ್ಲಿ ನನ್ನನ್ನೂ ಹಾಕಿಕೊಂಡರು. ಹುಲುಗಮ್ಮನವರ ಮನೆ ಮುಂದೆ ಹೋಗಿ ನಿಂತಾಗ ಜ್ಯೋತಿ ಹೊಸ ಚಾಪೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಮೂಗಿನಲ್ಲಿ ನೀರು, ಕಣ್ಣಲ್ಲಿ ನೀರು, ಖಾರ ಅಷ್ಟಿತ್ತು. "ನಡಿ ಮನಿಗೆ" ಎಂದರು ಅಧ್ಯಕ್ಷರು, ಕಾರಿನಿಂದ ಇಳಿಯದೆ. ಅವಳು ಅಲ್ಲಿಂದಲೇ, "ತಾತ, ನಾ ಈಗ ಜಪಾನಿನಾಗ ಅದೀನಿ. ನಡುವ ಎದ್ದು ಬರಾಕ ಆಗಂಗಿಲ್ಲ" ಎಂದಳು. ನಂದಿನಿ ಕಿಸಕ್ಕನೆ ನಕ್ಕಳು. ನನಗೂ ನಗೆ ಬಂತು, ಆದರೆ ನಾನು ಅವರ ಕಾರಿನಲ್ಲಿ ಕೂತಿದ್ದೆ.

ಹುಲುಗಮ್ಮ ಸೆರಗು ಸರಿಮಾಡಿಕೊಂಡು ಕಾರಿನವರೆಗೆ ಬಂದರು. "ಒಳಗ ಬರ್ರಿ ಯಜಮಾನ್ರ, ಚಾ ಕುಡದು ಹೋಗ್ರಿ." ಅಧ್ಯಕ್ಷರು ಏನು ಹೇಳಿದರು, ಊಹಿಸಿ. ಊಹಿಸುವುದೇನು ಬಂತು, ನನಗೆ ಬಾಯಿಪಾಠ. "ಈಗ ಕುಡದು ಬಂದೀವಮ್ಮ."

ಆದರೆ ಅವರ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರು ಮೊಮ್ಮಗಳನ್ನು ಎಳೆದುಕೊಂಡು ಬರಲಿಲ್ಲ. ಸ್ವಲ್ಪ ಹೊತ್ತು ಅವಳು ಉಣ್ಣುವುದನ್ನೇ ನೋಡಿದರು. ಡ್ರೈವರಿಗೆ, "ತಿರುಗಿಸೋ" ಎಂದರು. ದಾರಿಯಲ್ಲಿ ಕೋಳೂರು ದಾಟಿದ ಮೇಲೆ, "ಹುಡುಗಿ ಮನ್ಯಾಗ ಅಷ್ಟು ಉಣ್ಣಂಗಿಲ್ಲ ಮೇಷ್ಟ್ರೇ" ಎಂದರು. ಜ್ಯೋತಿ ಅಲ್ಲಿ ಉಳಿದಳು, ಹಾಗಾಗಿ ನಂದಿನಿ ನಾಳೆ ಹೊರಡುತ್ತಿದ್ದಾಳೆ. ಅದು ಅಧ್ಯಕ್ಷರು ಕಾರು ತಿರುಗಿಸಿದ್ದರಿಂದ ಆದದ್ದು. ಇದಕ್ಕೆ ನೀವು ಚಪ್ಪಾಳೆ ತಟ್ಟಬಹುದು. ಜೋರಾಗಿ ತಟ್ಟಿ, ನಾನು ಹೇಳಿದ ಬೇರೆ ಮಾತುಗಳನ್ನು ಅವರು ಮರೆಯಲಿ.

ಮಕ್ಕಳೇ, ನಿಮಗೆ ಉಪದೇಶ ಮಾಡಬೇಕಂತೆ. ಪಾಸ್‌ಪೋರ್ಟು ಕಳೆಯಬೇಡಿ. ಶೇಂಗಾ ಚಟ್ನಿಪುಡಿಯನ್ನು ಅವರಿಗೂ ಕೊಡಿ, ಎಚ್ಚರಿಕೆ ಹೇಳಿ ಕೊಡಿ. ಯಾರಾದರೂ ಚಹಾ ಕೊಟ್ಟರೆ, ಅವರ ಚಹಾ ಹಸಿರಾಗಿ, ಸಕ್ಕರೆ ಇಲ್ಲದೆ, ಕಷಾಯದ ಹಾಗಿದ್ದರೂ, ಈಗಷ್ಟೇ ಕುಡಿದು ಬಂದೆ ಎಂದು ಮಾತ್ರ ಹೇಳಬೇಡಿ. ಆ ಮಾತು ಕೇಳಿದ ಮನೆಯಲ್ಲಿ ಆಮೇಲೆ ಏನಾಗುತ್ತದೆ ಎಂದು ನಿಮಗೆ ಗೊತ್ತಿಲ್ಲ. ಹೆಂಗಸು ಒಲೆ ಆರಿಸುತ್ತಾಳೆ. ಕಾಯಿಸಿದ ಹಾಲನ್ನು ಮುಚ್ಚಿಡುತ್ತಾಳೆ. ಗಂಡನ ಮುಖ ನೋಡುವುದಿಲ್ಲ. ಗಂಡ ಪೇಪರು ಓದುತ್ತಾನೆ, ಬೆಳಿಗ್ಗೆಯೇ ಓದಿದ ಪೇಪರು.

ಸಾಜಿಯಾ ಟೀಚರೇ, ಗಡಿಯಾರ ಇಳಿಸಿ, ಮುಗಿಸುತ್ತಿದ್ದೇನೆ. ಕೊನೆಗೆ ಒಂದು ಪ್ರಕಟಣೆ ಮಾತ್ರ. ಊಟಕ್ಕೆ ಇನ್ನೂ ತಡವಿದೆ, ಮುಖ್ಯ ಅತಿಥಿಗಳು ಬರಬೇಕು. ಅಲ್ಲಿಯವರೆಗೆ ಎಲ್ಲರಿಗೂ ಚಹಾ ಇದೆ. ಕ್ಯಾಂಟೀನಿನದಲ್ಲ. ನನ್ನ ಮನೆಯದು. ಸುಮಂಗಲಾ ಮತ್ತು ಕುರುಗೋಡಿನಿಂದ ಬೆಳಿಗ್ಗೆಯೇ ಬಂದ ಹುಲುಗಮ್ಮನವರು ಸೇರಿ ಮಾಡಿದ್ದು. ಸಭಿಕರಿಗೆ ಪೇಪರ್ ಲೋಟ, ಕ್ಷಮಿಸಿ. ವೇದಿಕೆಗೆ ನೀಲಿ ಹೂವಿನ ಕಪ್ಪು-ಬಸಿ. ಈಗಷ್ಟೇ ಕುಡಿದು ಬಂದೆವು ಎನ್ನುವ ಹಾಗಿಲ್ಲ. ಎರಡು ತಾಸಿನಿಂದ ನೀವೆಲ್ಲ ನನ್ನ ಕಣ್ಣೆದುರೇ ಕೂತಿದ್ದೀರಿ.

ಅಗೋ, ತಟ್ಟೆ ಹಿಡಿದು ಬರುತ್ತಿರುವವರು ನಂದಿನಿ, ಜ್ಯೋತಿ. ಮೊದಲನೆಯದು ಅಧ್ಯಕ್ಷರಿಗಮ್ಮ. ಜ್ಯೋತಿ, ನೀನಲ್ಲ. ನಂದಿನಿ ಕೊಡಲಿ.

ಬಿಸಿ ಇದೆ ಅಧ್ಯಕ್ಷರೇ, ಅವಸರವಿಲ್ಲ. ಬಸಿಗೆ ಹಾಕಿಕೊಂಡಿರಾ? ಒಳ್ಳೆಯದು, ಆರಲಿ.

ಸಭಿಕರೇ, ಯಾರೂ ಆ ಕಡೆ ನೋಡಬೇಡಿ. ಎಲ್ಲರೂ ನೋಡುತ್ತಿದ್ದರೆ ಯಾರಿಗೂ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ಕಡೆ ನೋಡಿ. ನಾನು ವಂದನೆ ಹೇಳುತ್ತೇನೆ. ಮಂಡಳಿಗೆ, ಪೋಷಕರಿಗೆ, ಯೋಶಿದಾ ಮೇಡಂ ಅವರಿಗೆ, ಇಷ್ಟು ಹೊತ್ತು ತಡೆದುಕೊಂಡ ಮೈಕಿನವರಿಗೆ ವಂದನೆ. ಬಸಿ ಜಾರಿದರೂ ಪರವಾಗಿಲ್ಲ ಅಧ್ಯಕ್ಷರೇ. ಸುಮಂಗಲಾ ಮನೆಯಿಂದ ಹೊರಡುವಾಗಲೇ ಹೇಳಿದ್ದಾಳೆ, "ಒಡದ್ರ ಒಡೀಲಿ, ಕುಡದು ಒಡೀಲಿ" ಅಂತ.

ಎಲ್ಲರಿಗೂ ನಮಸ್ಕಾರ.