ಅಕ್ಕನ ಕೋಣೆಯ ಮಾಡು

ತೀರ್ಥಹಳ್ಳಿಯ ಬಸ್ಸಿನಲ್ಲಿ ಶ್ಯಾಮಲಾಳ ಮುಂದಿನ ಸೀಟಿಗೆ ಗಂಡ ಹೆಂಡತಿ ಬಂದು ಕೂತರು. ತಾವು ಕಟ್ಟಿಸಲಿರುವ ಮನೆಯನ್ನು ಮೊಬೈಲಿನ ಸಾಫ್ಟ್‌ವೇರ್‌ನಲ್ಲಿ ಬಿಡಿಸಿ, ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕೆಂಪು ಹೆಂಚಿನ ಮಾಡು ಹಿಂದಿನಿಂದಲೂ ಕಾಣುತ್ತಿತ್ತು. ಶ್ಯಾಮಲಾ ಕೇಳಿಸಿಕೊಳ್ಳದವಳಂತೆ ಕಿಟಕಿಯ ಕಡೆ ಮುಖ ಮಾಡಿದಳು.

“ರೀ, ಎಲ್ಲಾ ಕೋಣೆಗೂ ಮಾಡು ಬಂತು. ಅಕ್ಕನ ಕೋಣೆಗೆ ಮಾತ್ರ ಇಲ್ಲ.”

“ಮೂಲೇಲಿ ಗೋಡೆ ಕೂಡಿಲ್ಲ ಮಾರಾಯ್ತಿ. ಇದು ಅದನ್ನ ಅಂಗಳ ಅಂದ್ಕೊಂಡಿದೆ.”

“ಎಳೆದು ಕೂಡ್ಸಿ ಮತ್ತೆ.”

“ಎಳೆದ್ರೆ ಹಾಲ್‌ನ ಮಾಡು ಸೀಳ್ಕೊಂಡು ಗೋಡೆ ಮೇಲೆದ್ದು ಬರತ್ತೆ, ನೋಡು.”

“ಮೊಬೈಲನ್ನೇ ಕೇಳಿ. ಅದಕ್ಕೆ ಕನ್ನಡ ಬರತ್ತಂತಲ್ಲ.”

ಗಂಡ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದ. “ಅಕ್ಕನ ಕೋಣೆಗೆ ಮಾಡು!”

“ಅಕ್ಕನ ಕೋಣೆಗೆ ಏನು ಮಾಡಬೇಕು?” ಎಂದಿತು ಮೊಬೈಲು.

ಹೆಂಡತಿ ನಕ್ಕಳು. “ನಮ್ಮ ಬದಿ ಮಾಡು ಅದಕ್ಕೆಂತ ಗೊತ್ತು! ಚಾವಣಿ ಅನ್ನಿ.”

ಅವನು ಅನ್ನಲಿಲ್ಲ. ಗೋಡೆಯ ಮೇಲೆ ಬೆರಳಿಟ್ಟು ಅಳಿಸಿದ.

“ಈಗ ನೋಡು, ಎಷ್ಟು ಚಂದ ಕೂತಿದೆ ಮಾಡು.”

“ಕೋಣೆ ಎಲ್ಲಿ?”

“ಕೋಣೆ ಇದ್ರೆ ಮಾಡು ಕೂರಲ್ಲ.”

“ಗಂಡನ ಮನೆ ಬಿಟ್ಟು ಬಂದೋರಿಗೆ ಮಾತು ಕೊಟ್ಟಿದ್ದು ನೀವು. ಇನ್ನೆಲ್ಲಿಗೆ ಹೋಗ್ತಾರೆ ಅವ್ರು?”

“ಸಾಫ್ಟ್‌ವೇರ್ ಒಪ್ಪಲ್ಲ ಅಂತ ಹೇಳಣ.”

“ರೀ, ಮೂಲೆ ಒಂದು ಕೂಡಿದ್ರೆ...”

“ಸ್ಟಾಪ್ ಬಂತು, ಏಳು. ಅಕ್ಕ ನಿಂತಿದಾಳೆ. ನೀನು ಬಾಯಿ ಬಿಡ್ಬೇಡ.”

ಇಬ್ಬರೂ ಇಳಿದರು. ಕೆಳಗೆ ಕಾಯುತ್ತಿದ್ದ ಹೆಂಗಸು ನಗುತ್ತಾ ಮೊಬೈಲಿಗೆ ಕೈ ಚಾಚಿದ್ದು ಶ್ಯಾಮಲಾಗೆ ಕಿಟಕಿಯಿಂದ ಕಂಡಿತು.

“ತೋರ್ಸೋ, ನನ್ನ ಕೋಣೆ ಯಾವ ಬದಿಗೆ ಮಾಡಿದೀಯ?”

ಬಸ್ಸು ಹೊರಟಿತು.